ಚಿತ್ರದ ಬೆನ್ನು ನೋಡಿದವನ ಪತ್ರ

ಗದಗ

ಚಿ. ಶೈಲಾಗೆ ಅಪ್ಪನ ಆಶೀರ್ವಾದ.

ಧಾರವಾಡದಿಂದ ನೀನು ಕಳಿಸಿದ ಚಿತ್ರಕಲೆಯ ಸಾಮಾನಿನ ಪಟ್ಟಿ ಓದಿದೆ. ಬಣ್ಣಗಳ ಹೆಸರು ಒಂದು ಪುಟ ತುಂಬಿವೆ, ಬ್ರಶ್ಶುಗಳ ನಂಬರು ಅರ್ಧ ಪುಟ. ಕಾಗದದ ಎದುರಿಗೆ ಮಾತ್ರ ‘ಯಾವುದಾದರೂ ಡ್ರಾಯಿಂಗ್ ಶೀಟ್’ ಎಂದು ಬರೆದಿದ್ದೀ. ಆ ಒಂದು ಸಾಲಿಗಾಗಿಯೇ ಈ ಪತ್ರ. ಬಣ್ಣವನ್ನು ಅರ್ಧಕ್ಕೆ ಇಳಿಸು, ಉಳಿದ ದುಡ್ಡು ಕಾಗದಕ್ಕೆ ಹಾಕು. ಕೆಂಪು, ಹಳದಿ, ನೀಲಿ ಎರಡೆರಡು ನಮೂನೆ ಇದ್ದರೆ ಮಿಕ್ಕಿದ್ದನ್ನು ಬೆರೆಸಿಕೊಳ್ಳಬಹುದು. ಕೆಟ್ಟ ಕಾಗದವನ್ನು ಚಲೋ ಮಾಡುವ ಬಣ್ಣ ಯಾವುದೂ ಇಲ್ಲ.

ನಾನು ಚಿತ್ರ ಬರೆದವನಲ್ಲ, ಚಿತ್ರಕ್ಕೆ ಕಟ್ಟು ಹಾಕಿದವ. ಕಲಾವಿದ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಎಂಬ ಚಿತ್ರಕಲಾ ಶಾಲೆ ಕಟ್ಟಿದ ಊರಿದು, ಚಿತ್ರ ಬರೆಯುವವರಿಗೆ ಇಲ್ಲಿ ಕೊರತೆ ಬಂದಿಲ್ಲ. ಎಲ್ಲರೂ ಚಿತ್ರದ ಮುಖ ನೋಡುತ್ತಾರೆ, ನಮ್ಮ ಅಂಗಡಿಯ ಮೇಜಿನ ಮೇಲೆ ಅದು ಬೋರಲು ಮಲಗುತ್ತದೆ. ಹಳೆಯ ಕಟ್ಟು ಬಿಚ್ಚಿದಾಗ ಕಾಣುವುದೆಲ್ಲ ಬೆನ್ನಿನ ಕತೆ. ಕಂದಿದ ಅಂಚು, ಬೂಸ್ಟಿನ ಚುಕ್ಕಿ, ಮುಟ್ಟಿದರೆ ಪುಡಿಯಾಗುವ ಮೂಲೆ. ಬರೆದವರ ಕೈ ಎಷ್ಟು ಚಲೋ ಇದ್ದರೂ ಕಾಗದ ಸೋತರೆ ಚಿತ್ರ ಸೋತಂತೆಯೇ.

ಸಾದಾ ಕಾಗದ ಆಗುವುದು ಕಟ್ಟಿಗೆಯ ತಿರುಳಿನಿಂದ. ಅದರಲ್ಲಿ ಉಳಿದುಬಿಡುವ ಲಿಗ್ನಿನ್ ಎಂಬ ಅಂಶ ಬೆಳಕಿಗೂ ಗಾಳಿಗೂ ಹಳದಿಯಾಗುತ್ತದೆ, ಜೊತೆಗೆ ಹುಟ್ಟುವ ಆಮ್ಲ ಎಳೆಗಳನ್ನು ತಿನ್ನುತ್ತದೆ. ನೀನೇ ನೋಡಬಹುದು. ಇವತ್ತಿನ ದಿನಪತ್ರಿಕೆಯ ಅರ್ಧ ಪುಟವನ್ನು ಪುಸ್ತಕದಿಂದ ಮುಚ್ಚಿ ಬಿಸಿಲಿಗಿಡು, ಒಂದು ವಾರಕ್ಕೆ ಎರಡು ಅರ್ಧಗಳೂ ಬೇರೆ ಬೇರೆ ಬಣ್ಣಕ್ಕೆ ಬರುತ್ತವೆ. ಹತ್ತಿಯ ಎಳೆಯಿಂದ ಮಾಡಿದ ಕಾಗದಕ್ಕೆ ಈ ರೋಗವಿಲ್ಲ. ಅಂಗಡಿಯಲ್ಲಿ ಕೇಳುವಾಗ ನೂರಕ್ಕೆ ನೂರು ಹತ್ತಿ, ಆಮ್ಲರಹಿತ ಎಂಬೆರಡು ಮಾತು ಹಾಳೆಯ ಮೇಲೆ ಇವೆಯೇ ನೋಡು. ಅಭ್ಯಾಸಕ್ಕೆ ಅದು ಬೇಡ. ಸ್ಕೆಚ್ಚಿಗೆ 130 ಜಿಎಸ್ಎಂನ (ಚದರ ಮೀಟರ್ ಹಾಳೆಗೆ ಇಷ್ಟು ಗ್ರಾಂ ತೂಕ ಎಂದರ್ಥ) ಕಾರ್ಟ್ರಿಜ್ ಕಾಗದ ಸಾಕು, ಅದನ್ನು ಕೈ ಬಿಚ್ಚಿ ಖರ್ಚು ಮಾಡು.

ಜಲವರ್ಣಕ್ಕೆ ಮಾತ್ರ 300 ಜಿಎಸ್ಎಂಗಿಂತ ಕೆಳಗೆ ಇಳಿಯಬೇಡ. ಇಳಿದರೆ ಹಾಳೆಯನ್ನು ಬಿಗಿದು ಒಣಗಿಸಲೇಬೇಕು. ಕಾಗದದ ಎಳೆ ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಎಂದಾಗ ಹಾಳೆ ಅಲೆ ಏಳುತ್ತದೆ, ಬಣ್ಣ ಹರಿದು ಆ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಮೊದಲೇ ಇಡೀ ಹಾಳೆಯನ್ನು ಕೆಲವು ನಿಮಿಷ ನೀರಲ್ಲಿ ನೆನೆಸು. ಎತ್ತಿ, ನೀರು ಸೋರಲು ಬಿಟ್ಟು, ಪ್ಲೈವುಡ್ಡಿನ ಮೇಲೆ ಹಾಸು. ನೀರು ಹಚ್ಚಿದರೆ ಅಂಟುವ ಕಂದು ಕಾಗದದ ಟೇಪಿನಿಂದ ನಾಲ್ಕೂ ಅಂಚು ಹಿಡಿಸು. ಒಣಗುವ ತನಕ ಹಲಗೆ ನೆಲಕ್ಕೆ ಮಟ್ಟಸವಾಗಿ ಮಲಗಿರಲಿ, ಗೋಡೆಗೆ ಆನಿಸಿ ನಿಲ್ಲಿಸಬೇಡ, ನೀರು ಕೆಳಗಿನ ಅಂಚಿಗೆ ಇಳಿದು ಅಲ್ಲಿ ಟೇಪು ಬಿಟ್ಟುಕೊಳ್ಳುತ್ತದೆ. ಒಣಗಿದ ಮೇಲೆ ಹಾಳೆ ಡೊಳ್ಳಿನ ತೊಗಲಿನಂತೆ ಬಿಗಿದು ನಿಲ್ಲಬೇಕು.

ಧಾರವಾಡದ ಮಳೆಯ ಬಗ್ಗೆ ಬೇರೆಯಾಗಿ ಹೇಳಬೇಕು. ಗದುಗಿನ ಒಣ ಹವೆಯಲ್ಲಿ ಬೆಳೆದವಳು ನೀನು, ಅಲ್ಲಿ ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಜಲವರ್ಣದ ಕಾಗದಕ್ಕೆ ಜೆಲಟಿನ್ನಿನದೋ ಬೇರೆ ಯಾವುದರದೋ ಒಂದು ತೆಳು ಅಂಟು ಕೊಟ್ಟಿರುತ್ತಾರೆ. ಬಣ್ಣ ಮೇಲೆಯೇ ಸ್ವಲ್ಪ ಹೊತ್ತು ನಿಂತು ನಿನ್ನ ಮಾತು ಕೇಳುವುದು ಅದರಿಂದ. ತಿಂಗಳುಗಟ್ಟಲೆ ತೇವದಲ್ಲಿ ಬಿದ್ದ ಹಾಳೆಯಲ್ಲಿ ಆ ಅಂಟು ಸಾಯುತ್ತದೆ, ಬೂಸ್ಟೂ ಹತ್ತುತ್ತದೆ. ಆಮೇಲೆ ಬ್ರಶ್ಶಿಟ್ಟಲ್ಲಿ ಬಣ್ಣ ಇಂಗಿ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡು. ಹನಿ ಉಬ್ಬಿ ನಿಂತರೆ ಹಾಳೆ ಜೀವಂತ, ತಟ್ಟನೆ ಇಂಗಿದರೆ ಅದನ್ನು ಪೆನ್ಸಿಲ್ಲಿಗೆ ಇಟ್ಟುಕೋ. ಮಳೆಗಾಲಕ್ಕೆ ಮುಂಚೆ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೋಡೆಯಿಂದ ದೂರ, ಮಲಗಿಸಿ ಇಡು. ಸಪ್ತಾಪುರದ ನಿನ್ನ ರೂಮಿನ ಆ ಹಸಿಗೋಡೆಗೆ ಏನನ್ನೂ ಆನಿಸಬೇಡ.

ಇನ್ನು ಕ್ಯಾನ್ವಾಸು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಘ ಇದೆಯಲ್ಲ, 1957ರಲ್ಲಿ ಶುರುವಾದದ್ದು. ಧ್ವಜದ ಮೈಗೆ ಒಂದು ಅರಿವೆ, ಕಂಬದ ಕಡೆಯ ಅಂಚಿಗೆ ಇನ್ನೊಂದು ದಪ್ಪ ಅರಿವೆ, ಅದಕ್ಕೆ ಖಾದಿ ಡಕ್ ಎನ್ನುತ್ತಾರೆ. ಎಳೆತ ಬೀಳುವ ಜಾಗಕ್ಕೆ ಗಟ್ಟಿ ಅರಿವೆ. ಚಿತ್ರದ ಹತ್ತಿ ಕ್ಯಾನ್ವಾಸೂ ಅದೇ ಜಾತಿಯದು. ಒಮ್ಮೆ ಹೋಗಿ ಅಲ್ಲಿಯ ಅರಿವೆಗಳನ್ನು ಮುಟ್ಟಿ ನೋಡು. ಬೆಳಕಿಗೆ ಹಿಡಿದಾಗ ಸೂಜಿತೂತು ಕಾಣಬಾರದು, ಉದ್ದ ಅಡ್ಡ ಎಳೆಗಳು ಸಮ ದಪ್ಪ ಇರಬೇಕು, ಗಂಟು ಕಡಿಮೆ ಇರಬೇಕು. ಕೋರಾ ಅರಿವೆ ತಂದರೆ ಮೊದಲು ಬಿಸಿನೀರಲ್ಲಿ ತೊಳೆದು ಗಂಜಿ ಬಿಡಿಸು, ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ.

ಚೌಕಟ್ಟಿಗೆ ಬಿಗಿಯುವಾಗ ಮೂಲೆಯಿಂದ ಶುರು ಮಾಡಬೇಡ. ಒಂದು ಬದಿಯ ನಡುವೆ ಒಂದು ಪಿನ್ನು, ಎದುರು ಬದಿಯ ನಡುವೆ ಎಳೆದು ಇನ್ನೊಂದು, ಹೀಗೆ ನಾಲ್ಕೂ ನಡುಗಳಾದ ಮೇಲೆ ಮೂಲೆಗಳ ಕಡೆಗೆ ಸರಿಯುತ್ತ ಹೋಗು. ಅದಕ್ಕೂ ಮುಂಚೆ ದಾರ ಹಿಡಿದು ಎರಡೂ ಕರ್ಣ ಅಳೆ, ಸಮ ಬರದಿದ್ದರೆ ಚೌಕಟ್ಟು ಓರೆ ಎಂದರ್ಥ.

ತೈಲವರ್ಣವನ್ನು ಬರಿ ಅರಿವೆಗೆ ಎಂದೂ ಹಚ್ಚಬೇಡ. ನಿನ್ನವ್ವ ಹಿಂಡಿ ಕುಟ್ಟುವ ಅದೇ ಅಗಸಿಯ ಎಣ್ಣೆ ಅದು, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಗಟ್ಟಿಯಾಗುತ್ತ ಅರಿವೆಯ ಎಳೆಯನ್ನೂ ಸುಡುತ್ತದೆ. ನಡುವೆ ಒಂದು ಗೋಡೆ ಬೇಕು, ಅದೇ ಜೆಸ್ಸೊ ಎಂಬ ಬಿಳಿ ಅಕ್ರಿಲಿಕ್ ಅಸ್ತರು. ಮೊದಲ ಪದರ ಸ್ವಲ್ಪ ನೀರು ಬೆರೆಸಿ ಅಡ್ಡಕ್ಕೆ ಬಳಿ, ಒಣಗಿದ ಮೇಲೆ ಎರಡನೆಯದನ್ನು ಉದ್ದಕ್ಕೆ. ನಡುನಡುವೆ ನಯವಾದ ಸ್ಯಾಂಡ್ ಪೇಪರಿನಿಂದ ಹಗುರಾಗಿ ತಿಕ್ಕು. ಮುಟ್ಟಿದರೆ ಒಣಗಿದಂತೆ ಕಂಡರೂ ತೈಲವರ್ಣಕ್ಕೆ ಮೂರು ದಿನ ತಡೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಕ್ರಿಲಿಕ್ಕಿನ ಮೇಲೆ ಎಣ್ಣೆ ಕೂರುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ಕೂರುವುದಿಲ್ಲ. ಜೆಸ್ಸೊ ಬದಲು ಗೋಡೆಯ ಡಿಸ್ಟೆಂಪರು ಬಳಿದು ಅಗ್ಗದಲ್ಲಿ ಮುಗಿಸುವವರೂ ಇದ್ದಾರೆ. ಅಂಥ ಚಿತ್ರಗಳ ಹೊಪ್ಪಳಿಕೆಯನ್ನು ನಮ್ಮ ಮೇಜಿನಿಂದ ಗುಡಿಸುವಾಗ ಹೊಟ್ಟೆ ಉರಿಯುತ್ತದೆ ಮಗಳೇ, ಯಾರದೋ ತಿಂಗಳ ದುಡಿಮೆ ಅದು.

ತಯಾರಿ ಕ್ಯಾನ್ವಾಸು ತಂದರೆ ಅದಕ್ಕೂ ಇನ್ನೆರಡು ಪದರ ನೀನೇ ಹಚ್ಚಿಕೋ. ಎಷ್ಟು ಇಂಗಬೇಕು, ಎಷ್ಟು ಜಾರಬೇಕು ಎನ್ನುವುದು ಹಚ್ಚಿದ ಕೈಗೇ ಗೊತ್ತಾಗುವುದು.

ರಜೆಗೆ ಬರುವಾಗ ಚಿತ್ರಗಳನ್ನು ಸುತ್ತಲೇಬೇಕಾದರೆ ಬಣ್ಣದ ಮೈ ಹೊರಗಿರಲಿ, ಸುರುಳಿ ಅಗಲವಾಗಿರಲಿ. ಹಿಂದೆ ಸೆಲ್ಲೋಟೇಪ್ ಅಂಟಿಸಬೇಡ. ನಾಲ್ಕು ಚೌಕಟ್ಟಿನ ಅಳತೆ ಬರೆದು ಕಳಿಸು, ಸಾಗವಾನಿ ಪಟ್ಟಿ ಕೊರೆದು, ಅರಿವೆ ತಾಗುವ ಒಳ ಅಂಚನ್ನು ಇಳಿಜಾರು ಮಾಡಿ, ಮೂಲೆಗೆ ಬೆಣೆಯನ್ನೂ ಕೂಡಿಸಿ ಕೊಡುತ್ತೇನೆ. ಮಳೆಗೆ ಕ್ಯಾನ್ವಾಸು ಸಡಿಲಾದರೆ ಬೆಣೆಯನ್ನು ಮೆಲ್ಲಗೆ ತಟ್ಟು.

ಇಂತಿ,
ನಿನ್ನ ಅಪ್ಪ