ಹಡಗು ಮಲ್ಪೆಯದು, ವೆಲ್ಡರ್ ಎಲ್ಲಿಯವರು?

ಮಾನ್ಯರೇ,

ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ ನಾರ್ವೆಯ ವಿಲ್ಸನ್ ಕಂಪನಿ 2023ರಲ್ಲಿ 3,800 ಟನ್ನಿನ ಆರು ಸರಕು ಹಡಗುಗಳ ಆರ್ಡರ್ ಕೊಟ್ಟಿತು. ಮರುವರ್ಷ ಇನ್ನೂ ದೊಡ್ಡ ಹಡಗುಗಳ ಆರ್ಡರ್ ಬಂತು. ಓದಿ ಖುಷಿಯಾಯಿತು. ಆದರೆ ನಮ್ಮ ಊರಿನ ಹುಡುಗರು ಇದಕ್ಕೆ ತಯಾರಾಗಿದ್ದಾರಾ?

ನನ್ನ ಅಣ್ಣನ ಮಗ ಐಟಿಐನಲ್ಲಿ ಒಂದು ವರ್ಷದ ವೆಲ್ಡರ್ ಕೋರ್ಸ್ ಮುಗಿಸಿದ. ಅಲ್ಲಿ ಅವನು ವೆಲ್ಡ್ ಮಾಡಿದ್ದು ಜಾಸ್ತಿ ಮೇಜಿನ ಮೇಲೆ ಮಲಗಿಸಿದ ಪ್ಲೇಟುಗಳನ್ನೇ. ಹಡಗಿನೊಳಗೆ ಹಾಗಿರುತ್ತದಾ? ಇಕ್ಕಟ್ಟಿನಲ್ಲಿ ನುಸುಳಿ, ತಲೆ ಮೇಲಿನ ಜಾಯಿಂಟ್‌ಗೆ ವೆಲ್ಡ್ ಹಾಕಬೇಕು. ಕಿಡಿ ಸೀದಾ ಕುತ್ತಿಗೆಗೇ ಬೀಳುತ್ತದೆ. ಆಮೇಲೆ ಆ ಜಾಯಿಂಟ್‌ನ ಎಕ್ಸ್‌ರೇ ತೆಗೆದು ನೋಡುತ್ತಾರೆ. ವೆಲ್ಡ್‌ನ ಒಳಗೆ ಗಾಳಿಗುಳ್ಳೆ ಕಟ್ಟಿದ್ದರೆ ಕೆತ್ತಿ ಮತ್ತೆ ಮಾಡಬೇಕು. ಹೊರರಾಜ್ಯದ ಯಾರ್ಡೊಂದರ ಟೆಸ್ಟ್‌ನಲ್ಲಿ ಅವನು ಸೋತದ್ದು ಇಲ್ಲೇ. ಈಗ ಗೇಟು, ಗ್ರಿಲ್ ಮಾಡಿಕೊಂಡಿದ್ದಾನೆ.

ಕರಾವಳಿಯ ಐಟಿಐಗಳಲ್ಲಿ ಇಂಥ ಓವರ್‌ಹೆಡ್ ವೆಲ್ಡಿಂಗ್‌ಗೆಂದೇ ಮೂರ್ನಾಲ್ಕು ತಿಂಗಳು ಜಾಸ್ತಿ ಕೊಡಲಿ. ಪೈಪ್ ಫಿಟ್ಟರ್, ಪೇಂಟರ್‌ಗಳೂ ಬೇಕು, ಅದು ಆಮೇಲೆ. ಕಲಿಸಲು ಯಾರ್ಡಿನಲ್ಲಿ ದುಡಿದು ನಿವೃತ್ತರಾದವರನ್ನೇ ಕರೆಯಬಹುದು, ಅಲ್ವಾ? ಅವರ ಹತ್ತಿರ ಡಿಗ್ರಿ ಇಲ್ಲದಿದ್ದರೆ ಇಲ್ಲ, ಬಿಡಿ.

ಒಬ್ಬ ಓದುಗ, ಮಲ್ಪೆ