ಕಥೆ ಬದಲಿಸಿ, ಬೇಡ ಅನ್ನಲ್ಲ, ಸುಮ್ನೆ ಎಳೆಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುಸ್ತಕ ಪುಟವನ್ನು ತಪ್ಪದೆ ಓದುವವಳು ನಾನು. ಆದರೆ ರಾತ್ರಿ ಮಲಗುವ ಮುಂಚೆ ನಾನು ಓದುವ ಪುಸ್ತಕಗಳ ಹೆಸರು ಅಲ್ಲಿ ಒಂದು ಸಲವೂ ಕಂಡಿಲ್ಲ. ಪ್ರಕಾಶಕರ ಹಂಗಿಲ್ಲದೆ ಲೇಖಕರೇ ಹೊರತರುವ ಪ್ರೇಮ ಕಾದಂಬರಿಗಳು ಅವು, ಅದರಲ್ಲೂ ಹಳೆಯ ರಾಜಕುಮಾರಿ ಕಥೆಗಳನ್ನು ಎತ್ತಿಕೊಂಡು ಹೊಸದಾಗಿ ಬರೆದಂಥವು. ನಗಬೇಡಿ. ಇವನ್ನು ಓದುವವರು ಬೇಕಾದಷ್ಟು ಜನ ಇದ್ದಾರೆ, ಬಾಯಿ ಬಿಟ್ಟು ಹೇಳಿಕೊಳ್ಳುವುದಿಲ್ಲ ಅಷ್ಟೇ.

2007ರಲ್ಲಿ ಅಮೆಜಾನ್ ಕಂಪನಿಯ ಇ-ಪುಸ್ತಕ ಓದುವ ಸಾಧನ ಕಿಂಡಲ್ ಬಂತು. ಯಾರು ಬೇಕಾದರೂ ತಮ್ಮ ಪುಸ್ತಕವನ್ನು ತಾವೇ ಅದಕ್ಕೆ ಏರಿಸಬಹುದು ಅಂತಾಯಿತು. ಆಮೇಲೆ ಆರ್ಡರ್ ಬಂದಷ್ಟೇ ಪ್ರತಿ ಅಚ್ಚು ಹಾಕುವುದೂ ಸುಲಭವಾಯಿತು. ಇದರಿಂದ ಕಸ ಬಂದಿಲ್ಲವಾ? ರಾಶಿ ಬಂದಿದೆ. ಆದರೆ "ನಲವತ್ತೈದು ದಾಟಿದ ನಾಯಕಿ ಓಡಲ್ಲ", "ಕುಂಟುವ ರಾಜಕುಮಾರ ಯಾರಿಗೆ ಬೇಕು" ಅಂತ ಮೊದಲೇ ತಳ್ಳಿಹಾಕುವ ಪ್ರಕಾಶಕರ ಮೇಜು ಈಗ ನಡುವೆ ಇಲ್ಲ. ಹಾಗಾಗಿ ಅಂಥವರ ಕಥೆಗಳೂ ಸಿಗುತ್ತಿವೆ. ಇನ್ನೊಂದು ಒಳ್ಳೆಯ ಅಭ್ಯಾಸ ನೋಡಿದೆ. ಎಷ್ಟೋ ಲೇಖಕರು ಮೊದಲ ಪುಟದಲ್ಲೇ "ಈ ಪುಸ್ತಕದಲ್ಲಿ ಮಗು ಸಾಯುವ ಪ್ರಸಂಗವಿದೆ, ಹಿಂಸೆ ಇದೆ" ಅಂತ ಎಚ್ಚರಿಸಿರುತ್ತಾರೆ. ಅದನ್ನು ನೋಡಿ ನಾನು ಮುಚ್ಚಿಟ್ಟ ಪುಸ್ತಕವೂ ಇದೆ, ತಯಾರಾಗಿಯೇ ಓದಿದ ಪುಸ್ತಕವೂ ಇದೆ.

ಇವುಗಳ ಮೇಲೆ ಬರುವ ದೊಡ್ಡ ದೂರು ಅಂದರೆ "ಮೂಲ ಕಥೆಯನ್ನು ಕೆಡಿಸಿದರು" ಅನ್ನುವುದು. ನನಗೆ ಈ ಮಾತು ಕೇಳಿದರೆ ತಲೆ ಕೆಡುತ್ತದೆ. ಯಾವ ಮೂಲ? ಜರ್ಮನಿಯಲ್ಲಿ ಜನಪದ ಕಥೆಗಳನ್ನು ಕಲೆಹಾಕಿದ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಸ್ನೋ ವೈಟ್ ಕಥೆಯಲ್ಲಿ ಮಗಳನ್ನು ಕೊಲ್ಲಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿ ಮಾಡಿದರು. ಗೋಪುರದಲ್ಲಿ ಕೂಡಿಹಾಕಿದ ರಪುಂಜೆಲ್ ಮೊದಲ ಆವೃತ್ತಿಯಲ್ಲಿ "ನನ್ನ ಬಟ್ಟೆ ಯಾಕೆ ಬಿಗಿಯಾಗುತ್ತಿದೆ" ಅಂತ ಅಮಾಯಕಳಾಗಿ ಕೇಳಿ ಸಿಕ್ಕಿಬೀಳುತ್ತಾಳೆ, ಅವಳು ಬಸುರಿ ಅನ್ನುವುದು ಓದಿದವರಿಗೆ ಗೊತ್ತಾಗುತ್ತದೆ. ಮಕ್ಕಳು ಓದುತ್ತಾರೆ ಅಂತ ಆ ಮಾತನ್ನೂ ಆಮೇಲೆ ತೆಗೆದರು. ಗ್ರಿಮ್‌ರ ಕಪ್ಪೆ ರಾಜನಿಗೆ ರಾಜಕುಮಾರಿ ಮುತ್ತು ಕೊಡುವುದೇ ಇಲ್ಲ, ಸಿಟ್ಟು ಬಂದು ಗೋಡೆಗೆ ಎತ್ತಿ ಬಿಸಾಡುತ್ತಾಳೆ. 1857ರವರೆಗೆ ಏಳು ಸಲ ತಿದ್ದಿ ತಿದ್ದಿ ಅಚ್ಚು ಹಾಕಿಸಿದ ಪುಸ್ತಕ ಅದು. ಅವರೇ ಅಷ್ಟು ಕೈಯಾಡಿಸಿದ ಮೇಲೆ ಈಗಿನವರು ಬದಲಿಸಿದರೆ ಏನಂತೆ? ನನ್ನ ತಕರಾರು ಅದಲ್ಲವೇ ಅಲ್ಲ.

ನನ್ನ ತಕರಾರು ಎಳೆತದ್ದು.

ಈಚೆಗೆ ಒಂದು ಪುಸ್ತಕ ಓದಿದೆ. ಹೆಸರು ಹೇಳಲ್ಲ, ಒಬ್ಬರೇ ಕೂತು ಕಷ್ಟಪಟ್ಟು ಬರೆದಿರುತ್ತಾರೆ, ಹೆಸರು ಹೇಳಿ ಅವಮಾನ ಮಾಡುವುದು ನನಗೆ ಬೇಕಿಲ್ಲ. ಸುಂದರಿ ಮತ್ತು ಮೃಗದ (ಬ್ಯೂಟಿ ಅಂಡ್ ದ ಬೀಸ್ಟ್) ಕಥೆ. ಮೂವತ್ತನೇ ಪುಟಕ್ಕೆ ಹುಡುಗಿ ಕೋಟೆಗೆ ಬರುತ್ತಾಳೆ, ಒಂದು ಬಾಗಿಲು ಮಾತ್ರ ತೆರೆಯಬೇಡ ಅಂತ ಮೃಗ ಹೇಳುತ್ತದೆ. ಸರಿ, ನನಗೆ ಮೈ ಜುಮ್ಮೆಂದಿತು. ಆ ಬಾಗಿಲು ತೆರೆಯುವುದು ಮುನ್ನೂರ ಹತ್ತನೇ ಪುಟದಲ್ಲಿ! ನಡುವೆ ಏನಾಯಿತು ಅಂದರೆ, ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನ ಅಧ್ಯಾಯ ಅವನ ಬಾಯಲ್ಲಿ, ಅದೇ ಊಟದ ಮೇಜು, ಅದೇ ಜಗಳ, ಅವಳು ಎದ್ದು ಹೋಗಿದ್ದನ್ನು ಅವಳೂ ಹೇಳಿದಳು, ಅವಳು ಎದ್ದು ಹೋದಳಲ್ಲ ಅಂತ ಅವನೂ ಹೇಳಿದ. ಕೊನೆಗೆ ಬಾಗಿಲು ತೆರೆಯಿತು, ಒಳಗೆ ಏನಿದೆ ಅಂತ ನೋಡುವಷ್ಟರಲ್ಲಿ ಪುಸ್ತಕ ಮುಗಿಯಿತು. ಮುಂದಿನದು ಎರಡನೇ ಭಾಗದಲ್ಲಂತೆ.

ಇದೇ ಕಥೆಯ ಹುಟ್ಟು ನೋಡಿ, ತಮಾಷೆಯಾಗಿದೆ. 1740ರಲ್ಲಿ ಫ್ರಾನ್ಸಿನ ವಿಲ್‌ನವ್ ಎಂಬಾಕೆ ಇದನ್ನು ಮೊದಲು ಬರೆದಾಗ ಅದು ಕಾದಂಬರಿಯಷ್ಟು ಉದ್ದವಿತ್ತು, ಯಕ್ಷಿಣಿಯರ ಜಗಳ, ಯಾರು ಯಾರ ಮಗಳು ಅನ್ನುವ ವಂಶದ ಕಥೆ ಎಲ್ಲಾ ಸೇರಿತ್ತು. 1756ರಲ್ಲಿ ಬೋಮೊ ಎಂಬ ಇನ್ನೊಬ್ಬಾಕೆ, ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಅದನ್ನು ಕತ್ತರಿಸಿ ಕೆಲವೇ ಪುಟಕ್ಕೆ ಇಳಿಸಿದಳು. ಇವತ್ತು ಲೋಕಕ್ಕೆಲ್ಲ ಗೊತ್ತಿರುವುದು ಹೆಚ್ಚುಕಡಿಮೆ ಆ ಕತ್ತರಿಸಿದ ಕಥೆ. ಹಾಗಂತ ಅವಳು ರಸ ಹಿಂಡಿ ಬಿಸಾಡಿಲ್ಲ. ತಂಗಿ ಮೃಗದ ಮನೆಗೆ ಹೊರಟಾಗ ಅಕ್ಕಂದಿರು ಕಣ್ಣಿಗೆ ಈರುಳ್ಳಿ ಉಜ್ಜಿಕೊಂಡು ಅಳುತ್ತಾರೆ ಅಂತ ಬರೆಯುತ್ತಾಳೆ. ಅಕ್ಕಂದಿರು ಎಂಥವರು ಅಂತ ತಿಳಿಯಲು ಆ ಒಂದು ಈರುಳ್ಳಿ ಸಾಕು. ಈಗಿನ ಪುಸ್ತಕದಲ್ಲಾಗಿದ್ದರೆ ಅಕ್ಕಂದಿರ ಬಾಲ್ಯದ ನೋವಿಗೇ ಎರಡು ಅಧ್ಯಾಯ ಹೋಗುತ್ತಿತ್ತು.

ಯಾಕೆ ಹೀಗೆ ಎಳೆಯುತ್ತಾರೆ ಅಂದರೆ, ಲೇಖಕರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ತಿಂಗಳ ಚಂದಾ ಕಟ್ಟಿ ಬೇಕಾದಷ್ಟು ಓದುವ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ 2015ರ ಜುಲೈನಿಂದ ಲೇಖಕರಿಗೆ ದುಡ್ಡು ಬರುವುದು ಓದುಗರು ಓದಿದ ಪುಟದ ಲೆಕ್ಕದಲ್ಲಿ. ಪುಟ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ. ಮೂರು ಭಾಗ ಆದರೆ ಇನ್ನೂ ಜಾಸ್ತಿ. ಜೊತೆಗೆ ಈ ಪುಸ್ತಕಗಳಿಗೆ ಕತ್ತರಿ ಹಿಡಿಯುವ ಸಂಪಾದಕರು ಇರುವುದು ಕಡಿಮೆ, ಇಟ್ಟುಕೊಳ್ಳಬೇಕಾದರೆ ಲೇಖಕರೇ ಕೈಯಿಂದ ದುಡ್ಡು ಹಾಕಬೇಕು. ಕಾಗುಣಿತ ತಿದ್ದುವವರಿಗೆ ಕೊಟ್ಟರೂ ಕೊಟ್ಟಾರು, "ಈ ನೂರು ಪುಟ ಬೇಡ" ಅನ್ನುವವರಿಗೆ ಯಾರು ಕೊಡುತ್ತಾರೆ?

ಆದರೆ ಪ್ರೇಮ ಕಾದಂಬರಿ ಎಷ್ಟು ಉದ್ದವಾದರೂ ತಡೆದುಕೊಳ್ಳುತ್ತದೆ, ಇಬ್ಬರ ಮನಸ್ಸು ನಿಧಾನಕ್ಕೆ ಬದಲಾಗುವುದನ್ನು ನೋಡುವುದೇ ಅದರ ಸುಖ. ಅಜ್ಜಿ ಕಥೆ ಹಾಗಲ್ಲ. ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಇಂಥ ಕಥೆಯ ಪ್ರಾಣ ಇರುವುದು ಒಂದು ಶರತ್ತಿನಲ್ಲಿ. ಹನ್ನೆರಡು ಗಂಟೆಯೊಳಗೆ ಬಾ. ಆ ಕೋಣೆ ತೆರೆಯಬೇಡ. ಒಂದು ವಾರದಲ್ಲಿ ವಾಪಸ್ ಬಾ. ಮಾತು ಮುರಿದರೆ ಏನೋ ಹೋಗಲೇಬೇಕು. ಗ್ರಿಮ್‌ರ ಸಿಂಡರೆಲ್ಲಾ ಕಥೆಯಲ್ಲಿ ಚಪ್ಪಲಿಗೆ ಕಾಲು ಹಿಡಿಸಲು ಒಬ್ಬ ಅಕ್ಕ ಹೆಬ್ಬೆರಳು ಕತ್ತರಿಸಿಕೊಂಡರೆ ಇನ್ನೊಬ್ಬಳು ಹಿಮ್ಮಡಿ ಕತ್ತರಿಸಿಕೊಳ್ಳುತ್ತಾಳೆ, ಅಷ್ಟು ಕಟುಕ ಲೋಕ ಅದು. ನಾನು ಓದಿದ ಎಷ್ಟೋ ಹೊಸ ಪುಸ್ತಕಗಳಲ್ಲಿ ಶರತ್ತು ಮುರಿದರೆ ಏನೂ ಆಗುವುದಿಲ್ಲ, ಇಬ್ಬರೂ ಕೂತು ಮಾತಾಡಿ ಸರಿ ಮಾಡಿಕೊಳ್ಳುತ್ತಾರೆ. ನಿಜಜೀವನಕ್ಕೆ ಒಳ್ಳೆಯ ಬುದ್ಧಿ, ಕಥೆಗೆ ಅಲ್ಲ. ಶತ್ರುಗಳು ಪ್ರೇಮಿಗಳಾಗುತ್ತಾರೆ, ಛತ್ರದಲ್ಲಿ ಇರುವುದು ಒಂದೇ ಮಂಚ, ನಾಯಕನ ದವಡೆ ಚೂಪಾಗಿದೆ, ಇಷ್ಟನ್ನು ಬೆನ್ನುಪುಟದಲ್ಲಿ ಪಟ್ಟಿ ಮಾಡಿ, ಮೇಲೊಂದು ಗುಲಾಬಿ ಹೂವು ಇಟ್ಟು "ಹಳೆಯ ಕಥೆಯ ಹೊಸ ರೂಪ" ಅಂದುಬಿಟ್ಟರೆ ಆಯಿತಾ? (ಒಂದೇ ಮಂಚದ ಪ್ರಸಂಗ ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ.)

ಚೆನ್ನಾಗಿರುವುದೂ ಸಿಕ್ಕಿದೆ. ನೂರು ವರ್ಷ ಮಲಗಿದ ರಾಜಕುಮಾರಿಯ ಕಥೆ ಇಟ್ಟುಕೊಂಡು ಬರೆದ ಒಂದು ಸಣ್ಣ ಪುಸ್ತಕ, ನೂರ ನಲವತ್ತು ಪುಟ ಇದ್ದೀತು. ಫ್ರಾನ್ಸಿನ ಲೇಖಕ ಚಾರ್ಲ್ಸ್ ಪೆರೋ 1697ರ ತನ್ನ ಪುಸ್ತಕದಲ್ಲಿ ಈ ಕಥೆ ಹೇಳುವಾಗ ಒಂದು ಕೀಟಲೆ ಮಾಡಿದ್ದಾನೆ: ಎದ್ದ ರಾಜಕುಮಾರಿ ಅಜ್ಜಿ ಕಾಲದ ಎತ್ತರದ ಕಾಲರಿನ ಬಟ್ಟೆ ಹಾಕಿಕೊಂಡಿದ್ದಾಳೆ, ರಾಜಕುಮಾರ ಅದನ್ನು ಗಮನಿಸಿದರೂ ಬಾಯಿ ಬಿಡುವುದಿಲ್ಲ. ಈ ಲೇಖಕಿ ಆ ಕೀಟಲೆಯನ್ನೇ ಹಿಡಿದು ಹೊರಟಿದ್ದಾರೆ. ಎದ್ದವಳ ಮಾತು ಹಳೆಯದು, ಅವಳು ಹೇಳುವ ನಗೆಚಟಾಕಿ ಯಾರಿಗೂ ಅರ್ಥವಾಗಲ್ಲ, ನಗುತ್ತಿದ್ದವರೆಲ್ಲ ಸತ್ತುಹೋಗಿದ್ದಾರೆ. ಪ್ರೀತಿ ಹುಟ್ಟುವುದು ಮುತ್ತಿನಿಂದಲ್ಲ, ಅವಳ ಹಳೆಯ ಗಾದೆಯೊಂದನ್ನು ಆ ಮನೆಯ ಲೆಕ್ಕ ಬರೆಯುವವನು "ಇನ್ನೊಂದು ಸಲ ಹೇಳಿ, ಬರೆದುಕೊಳ್ಳುತ್ತೇನೆ" ಅಂದಾಗ. ನಾನು ಆ ಪುಟಕ್ಕೆ ಮೂರು ಸಲ ವಾಪಸ್ ಹೋದೆ. ಅಚ್ಚಿನ ತಪ್ಪು ಅಲ್ಲಲ್ಲಿ ಇತ್ತು, ಯಾರಿಗೆ ಬೇಕು.

ಮುಖಪುಟದ ಬಗ್ಗೆ ಒಂದೇ ಮಾತು. ಎಐ ಯಂತ್ರದಿಂದ ಮಾಡಿಸಿದ ಚಿತ್ರದಲ್ಲಿ ನಾಯಕಿಗೆ ಆರು ಬೆರಳಿದ್ದರೆ ಒಳಗಿನದ್ದನ್ನೂ ಯಂತ್ರವೇ ಬರೆದಿರಬಹುದಾ ಅಂತ ಅನುಮಾನ ಬರುತ್ತದೆ. 2023ರಲ್ಲಿ ಅಮೆಜಾನ್ ಒಬ್ಬರು ದಿನಕ್ಕೆ ಮೂರಕ್ಕಿಂತ ಜಾಸ್ತಿ ಹೊಸ ಪುಸ್ತಕ ಏರಿಸುವಂತಿಲ್ಲ ಅಂತ ಮಿತಿ ಹಾಕಿತು. ದಿನಕ್ಕೆ ಮೂರು! ಅದು ಮಿತಿಯಂತೆ.

ಇನ್ನೊಂದು ಆಸೆ ಇದೆ. ಎಲ್ಲರೂ ಅದೇ ಗಾಜಿನ ಚಪ್ಪಲಿಗೆ ಯಾಕೆ ಜೋತುಬೀಳಬೇಕು? ಎ.ಕೆ. ರಾಮಾನುಜನ್ ಕನ್ನಡದ ಸಿಂಡರೆಲ್ಲಾ ಅಂತ ಪರಿಚಯಿಸಿದ ಹಂಚಿಯ ಕಥೆ ಇದೆಯಲ್ಲ, ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟು ಹೋಗುವ ಹುಡುಗಿಯದು. ಮುಖವೇ ಕಾಣದ ಹುಡುಗಿಯನ್ನು ಒಬ್ಬ ಪ್ರೀತಿಸುವುದು ಹೇಗೆ, ಮುಖವಾಡ ತೆಗೆಯಲು ಅವಳಿಗೆ ಧೈರ್ಯ ಬರುವುದು ಯಾವಾಗ, ಪ್ರೇಮ ಕಾದಂಬರಿಗೆ ಇದಕ್ಕಿಂತ ಇನ್ನೇನು ಬೇಕು? ಯಾರಾದರೂ ಬರೆದರೆ ಮೊದಲ ಪ್ರತಿ ನನಗೆ.

ಮತ್ತೆ ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಪುಸ್ತಕಗಳಿಗೆ ಸಿಗುವ ವಿಮರ್ಶೆ ಅಂದರೆ ಪುಕ್ಕಟೆ ಪ್ರತಿ ಪಡೆದವರು ಕೊಡುವ ಐದು ನಕ್ಷತ್ರ, ಇಲ್ಲವೇ ಅರ್ಧಕ್ಕೇ ಬಿಟ್ಟವರು ಕೊಡುವ ಒಂದು ನಕ್ಷತ್ರ. ನಿಮ್ಮ ಪುಟದಲ್ಲಿ ತಿಂಗಳಿಗೊಂದಾದರೂ ಪುಸ್ತಕ ಎತ್ತಿಕೊಂಡು ಬರೆಸಿ. ಬೈದರೂ ಪರವಾಗಿಲ್ಲ. ಎಷ್ಟು ಪುಟ ಕತ್ತರಿಸಬಹುದಿತ್ತು ಅನ್ನುವುದನ್ನು ಮಾತ್ರ ಮರೆಯದೆ ಬರೆಸಿ.

ಇಂತಿ,
ನಿಮ್ಮ ಕಾಯಂ ಓದುಗಾರ್ತಿ