ಬಾಲ್ಕನಿಗೆ ಬ್ಯಾಡಗಿ ಬೇಡ

ಚಿ. ಸೌಮ್ಯಾಳಿಗೆ ಕಾಕಾನ ಆಶೀರ್ವಾದಗಳು.

ಬಾಲ್ಕನಿಯಲ್ಲಿ ಬೆಳೆಯಲಿಕ್ಕೆ ಬ್ಯಾಡಗಿ ಮೆಣಸಿನಕಾಯಿ ಬೀಜ ಕಳಿಸು ಅಂತ ಮೆಸೇಜ್ ಹಾಕಿದ್ದೆಯಲ್ಲ, ಕಳಿಸುವುದಿಲ್ಲ. ಸಿಟ್ಟಾಗಬೇಡ, ಕಾರಣ ಕೇಳು. ಬ್ಯಾಡಗಿ ಒಣಗಿಸಲಿಕ್ಕೆ ಬೆಳೆಯುವ ಕಾಯಿ. ಗಿಡದಲ್ಲೇ ಕೆಂಪಾಗಬೇಕು, ಆಮೇಲೆ ಕಣದಲ್ಲಿ ಹರಡಿ ಬಿಸಿಲು ತೋರಿಸಬೇಕು. ಹೆಚ್ಚುಕಡಿಮೆ 4 ಕಿಲೋ ಹಣ್ಣುಗಾಯಿ ಒಣಗಿದರೆ 1 ಕಿಲೋ ಕೈಗೆ ಬರುತ್ತದೆ. ನಿನ್ನ ಬಾಲ್ಕನಿಯ ಕುಂಡಗಳಿಂದ ಸಾರಿನ ಪುಡಿಗೂ ಸಾಲದು. ಅದರ ಹೆಸರು ಇರುವುದೇ ಬಣ್ಣಕ್ಕೆ. ಖಾರ ಕಡಿಮೆ, ಹಸಿಯಾಗಿ ಒಗ್ಗರಣೆಗೆ ಹಾಕಿದರೆ ನಿನಗೆ ಸಪ್ಪೆ ಅನಿಸುತ್ತದೆ.

ದಿನಾ ಅಡಿಗೆಗೆ ಬೇಕಾಗುವುದು ಹಸಿಮೆಣಸಿನಕಾಯಿ ಅಲ್ವಾ? ಅದನ್ನೇ ಬೆಳೆ. ಮೊದಲ ಸಲ ಬೀಜದ ಗೊಡವೆ ಬೇಡ, ನರ್ಸರಿಯಿಂದ ಮೂರು ಸಸಿ ತಗೋ. ಹೂ ಬಿಟ್ಟ ಸಸಿ ನೋಡಿ ಮರುಳಾಗಬೇಡ. ಸಣ್ಣ ಕವರ್‌ನಲ್ಲೇ ಹೂ ಬಿಟ್ಟಿದೆ ಅಂದರೆ ಬೇರಿಗೆ ಜಾಗ ಸಾಲದೆ ಒದ್ದಾಡುತ್ತಿರಬಹುದು. ಗಿಡ್ಡಗಿದ್ದರೂ ಕಾಂಡ ಗಟ್ಟಿ ಇರುವುದನ್ನು ಆರಿಸು. ಎಲೆ ಮಗುಚಿ ಹಿಂಬದಿ ಹುಳ ಇಲ್ಲ ಅಂತ ನೋಡಿಯೇ ದುಡ್ಡು ಕೊಡು. ಮುಂದೆ ಬೀಜ ಹಾಕುವ ಹುಕಿ ಬಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಐಐಎಚ್‌ಆರ್, ನಿನ್ನ ಬೆಂಗಳೂರಲ್ಲೇ ಇದೆ, ಅಲ್ಲಿನ ಅರ್ಕಾ ಹೆಸರಿನ ಮೆಣಸಿನ ತಳಿಗಳನ್ನು ವಿಚಾರಿಸು.

12 ಇಂಚಿನ ಕುಂಡಕ್ಕೆ ಒಂದೇ ಗಿಡ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಸ್ವಲ್ಪ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಬೇಕು. ಅಷ್ಟು ಬಿಸಿಲಿಲ್ಲದಿದ್ದರೆ ಸುಮ್ನೆ ದೊಡ್ಡಪತ್ರೆ ಇಟ್ಟುಕೋ.

ಇನ್ನು ನೀರು. ನಿನ್ನ ಸ್ವಭಾವ ನನಗೆ ಗೊತ್ತು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಧ್ಯಾಹ್ನ ಎರಡಕ್ಕೆ ಎಲೆಯೆಲ್ಲ ಜೋತುಬಿದ್ದಿರುತ್ತದೆ. ನೋಡಿದ ಕೂಡಲೇ ಚೊಂಬು ಹಿಡಿದು ಓಡಬೇಡ. ಮಣ್ಣಿಗೆ ಬೆರಳು ಇಳಿಸು. ಒಳಗೆ ತಂಪಿದ್ದರೆ ಬಿಟ್ಟುಬಿಡು, ಬಿಸಿಲು ಇಳಿದ ಮೇಲೆ ಅದೇ ಎದ್ದು ನಿಲ್ಲುತ್ತದೆ. ಎರಡು ಗಿಣ್ಣು ಇಳಿದರೂ ಒಣಗಿದ್ದರೆ ಮಾತ್ರ ತಳದಿಂದ ಇಳಿಯುವಷ್ಟು ನೀರು ಹಾಕು. ಸಂಜೆಗೂ ಎಲೆ ಏಳಲಿಲ್ಲ, ಮಣ್ಣು ಮಾತ್ರ ಒದ್ದೆ ಇದೆ ಅಂದರೆ ಬೇರು ಕೊಳೆಯುತ್ತಿದೆ ಅಂತ ಅನುಮಾನಪಡು. ಮನೆಯಲ್ಲಿ ಬೆಳೆದ ಗಿಡಗಳು ಒಣಗಿ ಸತ್ತದ್ದಕ್ಕಿಂತ ನೀರು ಕುಡಿದು ಸತ್ತದ್ದೇ ಜಾಸ್ತಿ, ನನ್ನ ಲೆಕ್ಕದಲ್ಲಿ.

ಗೊಬ್ಬರದ ವಿಷಯದಲ್ಲೂ ಕೈ ಬಿಗಿ ಇರಲಿ. ಯೂರಿಯಾ ಸುರಿದರೆ ಗಿಡ ಹಸಿರಾಗಿ ಸೊಕ್ಕುತ್ತದೆ, ಕಾಯಿ ಮಾತ್ರ ಬಿಡುವುದಿಲ್ಲ. ಇಪ್ಪತ್ತು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ಹೂ ಬರುವುದು ಕೊಂಬೆ ಕವಲೊಡೆಯುವ ಕಡೆ. ಬೆಳ್ಳಗೆ, ತಲೆ ತಗ್ಗಿಸಿಕೊಂಡು ಇರುತ್ತದೆ. ಅದರ ಪರಾಗ ಅದಕ್ಕೇ ಸಾಕು, ಆದರೆ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಗಾಳಿ ಆಡುವುದಿಲ್ಲ. ಬೆಳಿಗ್ಗೆ ಕೊಂಬೆಯನ್ನು ಬೆರಳಿಂದ ಮೆಲ್ಲಗೆ ಮೀಟು. ಬೇಸಿಗೆಯಲ್ಲಿ 35 ಡಿಗ್ರಿ ದಾಟಿದರೆ ಹೂ ಉದುರುವುದು ಸಹಜ, ಅದಕ್ಕೆಲ್ಲ ಔಷಧಿ ಹುಡುಕಬೇಡ.

ಔಷಧಿ ಬೇಕಾಗುವುದು ಎಲೆ ಮುದುಡಿದಾಗ. ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ, ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಸಂಜೆ ಹೊತ್ತು ಎಲೆಯ ಹಿಂಬದಿ ತೋಯುವಂತೆ ಸಿಂಪಡಿಸು. ವಾರ ಬಿಟ್ಟು ಇನ್ನೊಮ್ಮೆ. ಆಮೇಲೂ ಗಿಡ ಪೂರ್ತಿ ಮುರುಟಿಕೊಂಡೇ ಇದ್ದರೆ ಕಿತ್ತು ಬಿಸಾಕು, ಕನಿಕರ ಬೇಡ. ಪಕ್ಕದ ಎರಡಾದರೂ ಉಳಿಯಲಿ.

ಕಾಯಿ ಬಲಿತ ಹಾಗೆ ಕೊಯ್ಯುತ್ತಿರು, ಆಗಲೇ ಹೊಸ ಹೂ ಬರುತ್ತದೆ. ಎಳೆದರೆ ಕೊಂಬೆ ಸೀಳುತ್ತದೆ, ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸು.

ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ ಈ ಭಾನುವಾರ ನೋಡಿ ಫೋನ್ ಮಾಡು. ಕುಂಡ ಆಮೇಲೆ ಕೊಂಡರಾಯಿತು.

ಇಂತಿ,
ನಿನ್ನ ಕಾಕಾ